ಗೊರಕೆ ಅಂದುಕೊಂಡು ಸುಮ್ಮನಿದ್ದರು: ನಶೆ ಮಾತ್ರೆ ಬಗ್ಗೆ ಮಕ್ಕಳಿಗೆ, ಮನೆಯವರಿಗೆ ಹೇಗೆ ಹೇಳೋದು?

ಹೊಳೆದಂಡೆ ಮೇಷ್ಟ್ರು, ತೀರ್ಥಹಳ್ಳಿ ಕಡೆ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. 22 ವರ್ಷ ಆಯಿತು. ಜೂನ್ 26 ಹತ್ತಿರ ಬರುತ್ತಿದೆ, ಮಾದಕ ವಸ್ತು ವಿರೋಧಿ ದಿನ. ಪ್ರತಿ ವರ್ಷ ಮೇಲಿಂದ ಸುತ್ತೋಲೆ ಬರುತ್ತದೆ. ನಾವು ಪ್ರತಿಜ್ಞೆ ಬೋಧಿಸಿ, ಫೋಟೊ ತೆಗೆದು ಗ್ರೂಪಿಗೆ ಹಾಕಿ, ಚಾಕೊಲೇಟ್ ಹಂಚಿ ಮುಗಿಸುತ್ತೇವೆ. ಈ ಸಲ ಹೆಡ್‌ಮಾಸ್ಟರು ಒಂದು ಗಂಟೆ ಪೂರ್ತಿ ನನಗೇ ಬಿಟ್ಟಿದ್ದಾರೆ. ಅದೇ ವಾರ ಪೋಷಕರ ಸಭೆಯೂ ಇದೆ, ಅಲ್ಲೂ ಅರ್ಧ ಗಂಟೆ ಮಾತಾಡಿ ಅಂದಿದ್ದಾರೆ.

ಹೋದ ವರ್ಷ ನಾನು ಮಾಡಿದ ಕೆಲಸ ಮೊದಲು ಹೇಳಿಬಿಡುತ್ತೇನೆ, ನಗಬೇಡಿ. ವಾಟ್ಸಾಪಿನಲ್ಲಿ ಬಂದಿದ್ದ ಒಂದಷ್ಟು ವಿಡಿಯೊ ಒಟ್ಟು ಮಾಡಿ ಪ್ರೊಜೆಕ್ಟರಿನಲ್ಲಿ ತೋರಿಸಿದೆ. ಅಮೆರಿಕದ ಯಾವುದೋ ಬೀದಿ. ಜನ ಸೊಂಟ ಬಗ್ಗಿಸಿಕೊಂಡು ನಿಂತಲ್ಲೇ ತೂಗುತ್ತಿದ್ದಾರೆ. ಹಿಂದೆ ಭಯಂಕರ ಸಂಗೀತ, ಕೊನೆಗೊಂದು ತಲೆಬುರುಡೆ. ಮಕ್ಕಳು ಬೆಚ್ಚಿ ಬೀಳುತ್ತಾರೆ ಅಂತ ನನ್ನ ಲೆಕ್ಕ. ಮಧ್ಯಾಹ್ನ ಬಿಸಿಯೂಟದ ಸಾಲಿನಲ್ಲಿ ನೋಡಿದರೆ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ತಟ್ಟೆ ಹಿಡಿದುಕೊಂಡು ಅದೇ ಥರ ಬಗ್ಗಿ ತೂಗುತ್ತಿದ್ದಾನೆ. ಉಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಇನ್ನೊಬ್ಬ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಸರ್, ಅದರಲ್ಲಿ ಯಾವುದು ಜಾಸ್ತಿ ಸ್ಟ್ರಾಂಗು?" ಅಂತ ಕೇಳಿದ. ತಮಾಷೆಗೆ ಕೇಳಿದ್ದಲ್ಲ. ಒಂದು ಗಂಟೆ ಪಾಠ ಮಾಡಿ ನಾನೇ ಹುಟ್ಟಿಸಿದ ಪ್ರಶ್ನೆ ಅದು.

ಇದಾಗಿ ಕೆಲವು ತಿಂಗಳಿಗೆ ನನ್ನ ಹಳೆ ವಿದ್ಯಾರ್ಥಿಯೊಬ್ಬ ತೀರಿಕೊಂಡ. ಊರು, ಕಾಲೇಜು ಹೇಳುವುದಿಲ್ಲ. ಒಂದೆರಡು ವಿವರ ಬದಲಿಸಿಯೂ ಇದ್ದೇನೆ. ಹೊರಗೆ ರೂಮ್ ಮಾಡಿಕೊಂಡು ಡಿಗ್ರಿ ಓದುತ್ತಿದ್ದ. ಮನೆಯವರು ಹಾರ್ಟ್ ಅಟ್ಯಾಕ್ ಅಂದರು. ಇಪ್ಪತ್ತು ವರ್ಷದ ಹುಡುಗನಿಗೆ. ನಾನೂ ತಲೆ ಅಲ್ಲಾಡಿಸಿ ಬಂದೆ. ಹದಿಮೂರನೇ ದಿನ ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಅವನ ರೂಮಿನ ಹುಡುಗ ಪಕ್ಕಕ್ಕೆ ಬಂದ. "ಸರ್, ನಿಮಗೊಂದು ತೋರಿಸಬೇಕು" ಅಂತ ಅಡಿಕೆ ಒಣಗಿಸುವ ಅಂಗಳದ ಅಂಚಿಗೆ ಕರೆದುಕೊಂಡು ಹೋಗಿ ಫೋನ್ ತೆಗೆದ.

42 ಸೆಕೆಂಡಿನ ವಿಡಿಯೊ. ಹುಡುಗ ಅಂಗಾತ ಮಲಗಿದ್ದಾನೆ. ದೊಡ್ಡ ಗೊರಕೆ. ಗಂಟಲಲ್ಲಿ ನೀರು ತುಂಬಿಕೊಂಡ ಹಾಗೆ ಗೊರಗೊರ ಸದ್ದು. ಆಮೇಲೆ ಏನೂ ಇಲ್ಲ. ಮತ್ತೆ ಒಂದು ಗೊರಕೆ. ಫೋನ್ ಹಿಡಿದವನು ನಗುತ್ತಾ, "ಲೇ, ಎಮ್ಮೆ ಕೂಗಿದ ಹಾಗೆ ಕೂಗ್ತಾನಲ್ಲೋ" ಅನ್ನುತ್ತಿದ್ದಾನೆ. ಎರಡನೇ ಸಲ ಹಾಕಿಸಿ ನಾನು ಕೈಗಡಿಯಾರ ನೋಡಿಕೊಂಡೆ. 42 ಸೆಕೆಂಡಿನಲ್ಲಿ ಉಸಿರು ನಾಲ್ಕೇ ಸಲ.

ಬೆನ್ನು ನೋವಿಗೆ ಕೊಡುವ ಯಾವುದೋ ಮಾತ್ರೆಯಂತೆ. ಚೀಟಿ ಇಲ್ಲದೆ ಯಾರೋ ತಂದುಕೊಟ್ಟಿದ್ದು. ಜೊತೆಗೆ ಬಿಯರ್. ಬೆಳಗ್ಗೆ ಏಳಕ್ಕೆ ಎದ್ದು ನೋಡಿದಾಗ ಮೈ ತಣ್ಣಗಾಗಿತ್ತು. ಆಗಲೂ ಅವರು ಮೊದಲು ಮಾಡಿದ್ದು 108ಕ್ಕೆ ಫೋನಲ್ಲ. ಬಾಟಲಿ ತೆಗೆದುಕೊಂಡು ಹೋಗಿ ಎಸೆದು ಬಂದದ್ದು. "ಚೆನ್ನಾಗಿ ನಿದ್ದೆ ಬಂದಿದೆ ಅಂದುಕೊಂಡ್ವಿ ಸರ್" ಅಂದ. ಆ ವಿಡಿಯೊ ಡಿಲೀಟ್ ಮಾಡಲೂ ಆಗುತ್ತಿಲ್ಲ, ಇಟ್ಟುಕೊಳ್ಳಲೂ ಆಗುತ್ತಿಲ್ಲ ಅವನಿಗೆ.

ಹಾಗಾಗಿ ಈ ಸಲ ತಲೆಬುರುಡೆ ಬೇಡ. ಇನ್ನೇನು ಮಾಡಲಿ? ನನ್ನ ಮುಂದೆ ಇರುವ ಪ್ರಶ್ನೆಗಳು ಇವು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: "ಸರ್, ನಮ್ಮಪ್ಪ ಅಡಿಕೆ ಕೊನೆ ತೆಗೆಯೋ ಸೀಸನ್ನಿನಲ್ಲಿ ದಿನಾ ರಾತ್ರಿ ನೋವಿನ ಮಾತ್ರೆ ತಗೋತಾರೆ. ಅದೂ ಡ್ರಗ್ಸಾ?" ದಿನಕ್ಕೆ ಎಷ್ಟೋ ಮರ ಹತ್ತಿ ಇಳಿಯುವ ಮನುಷ್ಯ. ನನಗೆ ಉತ್ತರ ಗೊತ್ತಿರಲಿಲ್ಲ. ಅವಳ ಮುಂದೆ ಕೆಮ್ಮಿ ತಪ್ಪಿಸಿಕೊಂಡೆ. ನಮ್ಮ ಪಕ್ಕದ ಮನೆ ಅಮ್ಮನ ಮಗ ಆಗಸ್ಟಿನಲ್ಲಿ ಎಂಎಸ್ ಮಾಡಲು ಅಮೆರಿಕಕ್ಕೆ ಹೊರಟಿದ್ದಾನೆ. ಅವರಿಗೆ ಫೆಂಟನಿಲ್ ಅಂದರೆ ಏನು ಅಂತ ತಿಳಿಯಬೇಕಂತೆ. ಮುಟ್ಟಿದರೇ ಸಾಯುತ್ತಾರೆ ಅಂತ ಯಾರೋ ಫಾರ್ವರ್ಡ್ ಕಳಿಸಿದ್ದಾರೆ. ಇನ್ನು ಪೋಷಕರಿಗೆ ಎಷ್ಟು ಬಿಚ್ಚಿ ಹೇಳಬೇಕು? ನಮ್ಮ ಕಡೆ ಮನೆ ಮಾತು ಜಗಲಿ ದಾಟಬಾರದು ಅನ್ನುವವರೇ ಎಲ್ಲ.

ತಿಳಿದವರು ಹೇಳಿ.


ಚೇಣಿ ಅಡಿಕೆ

ಮೇಷ್ಟ್ರೇ, ಬೇಜಾರಾಗಬೇಡಿ. ಇದೆಲ್ಲ ಪೇಟೆ ರೋಗ. ನಮ್ಮ ಕಡೆ ಇರೋದು ಕುಡಿತ, ಗುಟ್ಕಾ, ಅಲ್ಲೊಂದು ಇಲ್ಲೊಂದು ಗಾಂಜಾ. ಆ ಮಾತ್ರೆ ಹೆಸರೇ ಕೇಳದ ಮಕ್ಕಳಿಗೆ ಹೆಸರು ಹೇಳಿಕೊಟ್ಟರೆ ನಾವೇ ದಾರಿ ತೋರಿಸಿದ ಹಾಗೆ ಆಗೋದಿಲ್ವಾ? ಸುಮ್ನೆ ಪ್ರತಿಜ್ಞೆ ಮಾಡಿಸಿ ಚಾಕೊಲೇಟ್ ಕೊಡಿ.


ಶೆಟರ್ ಎಳೆಯೋ ಹೊತ್ತು, ಶಿವಮೊಗ್ಗ

ಚೇಣಿ ಅವರೇ, ನಿಮ್ಮ ಮಾತು ನಿಜ ಆಗಿದ್ದರೆ ನನಗಿಂತ ಖುಷಿ ಪಡುವವರು ಯಾರೂ ಇಲ್ಲ. ನಾನು 30 ವರ್ಷದಿಂದ ಶಿವಮೊಗ್ಗದಲ್ಲಿ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. ರಾತ್ರಿ ಒಂಬತ್ತೂವರೆಗೆ, ಶೆಟರ್ ಅರ್ಧ ಎಳೆದ ಮೇಲೆ, ಬೈಕ್ ಆಫ್ ಮಾಡದೆ ಬಂದು ಮಾತ್ರೆ ಹೆಸರು ಹೇಳುವ ಹುಡುಗರನ್ನು ನಾನು ನೋಡಿದ್ದೇನೆ. ಚೀಟಿ ಕೇಳಿದರೆ "ಅಜ್ಜಿಗೆ" ಅನ್ನುತ್ತಾರೆ. ಎಲ್ಲರಿಗೂ ಅಜ್ಜಿಯೇ, ಎಲ್ಲ ಅಜ್ಜಿಯರಿಗೂ ಒಂದೇ ಮಾತ್ರೆ. ಕೊಡುವ ಅಂಗಡಿಗಳೂ ಇವೆ, ನಮ್ಮವರ ತಪ್ಪು ನಾನು ಮುಚ್ಚಿಡುವುದಿಲ್ಲ.

ಕೇಂದ್ರ ಸರ್ಕಾರಕ್ಕಾಗಿ ದೆಹಲಿ ಏಮ್ಸ್‌ನವರು ಮಾಡಿ 2019ರಲ್ಲಿ ಹೊರತಂದ ಸಮೀಕ್ಷೆ ಇದೆ. ದೇಶದಲ್ಲಿ ಸುಮಾರು 2.26 ಕೋಟಿ ಜನ ಅಫೀಮಿನ ಜಾತಿಯ ಯಾವುದಾದರೂ ಒಂದನ್ನು ಬಳಸುತ್ತಾರೆ ಅಂತ ಅದರ ಲೆಕ್ಕ. ನಮ್ಮ ಅಂಗಡಿಗಳಲ್ಲಿ ಇರುವಂಥ ಔಷಧಿಗಳನ್ನೇ ನಶೆಗೆ ಬಳಸುವವರು ದೇಶದ ಜನರಲ್ಲಿ ನೂರಕ್ಕೆ ಹತ್ತಿರ ಹತ್ತಿರ ಒಬ್ಬರು. ಪೇಟೆ ರೋಗ ಅನ್ನೋಕೆ ಆಗುತ್ತಾ?

ಮೇಷ್ಟ್ರೇ, ಆ ಹುಡುಗಿಗೆ ಹೀಗೆ ಹೇಳಿ. ನೋವಿನ ಮಾತ್ರೆಯಲ್ಲಿ ಎರಡು ಜಾತಿ. ಪ್ಯಾರಸಿಟಮಾಲ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್ ಒಂದು ಕಡೆ. ಇವು ನಶೆ ಬರಿಸುವುದಿಲ್ಲ, ಉಸಿರು ನಿಲ್ಲಿಸುವುದಿಲ್ಲ. ದಿನಾ ನುಂಗಿದರೆ ಹೊಟ್ಟೆ, ಕಿಡ್ನಿ, ಲಿವರ್ ಹಾಳಾಗಬಹುದು, ಅವಳಪ್ಪ ಡಾಕ್ಟರಿಗೆ ತೋರಿಸಲೇಬೇಕು, ಆದರೆ ಅದು ಬೇರೆ ಕತೆ. ಇನ್ನೊಂದು ಓಪಿಯಾಯ್ಡ್, ಅಂದರೆ ಅಫೀಮಿನ ಜಾತಿ. ಟ್ರಮಡಾಲ್, ಟ್ಯಾಪೆಂಟಡಾಲ್, ಕೊಡೀನ್, ಮಾರ್ಫಿನ್, ಫೆಂಟನಿಲ್. ಮಕ್ಕಳಿಗೆ ಗಸಗಸೆಯಿಂದ ಶುರು ಮಾಡಿ. ಪಾಯಸ ಎಲ್ಲರಿಗೂ ಗೊತ್ತು. ಅದೇ ಗಿಡದ ಹಸಿ ಕಾಯಿ ಗೀರಿದರೆ ಬರುವ ಹಾಲು ಅಫೀಮು, ಅಫೀಮಿನಿಂದ ಮಾರ್ಫಿನ್. ಅದೇ ಕೆಲಸ ಮಾಡುವ, ಫ್ಯಾಕ್ಟರಿಯಲ್ಲಿ ತಯಾರಾದ ಮಾತ್ರೆಗಳು ಟ್ರಮಡಾಲ್, ಟ್ಯಾಪೆಂಟಡಾಲ್.

ಮೋಸ ಎಲ್ಲಿದೆ ಅಂದರೆ, ಪ್ಯಾರಸಿಟಮಾಲ್ ಮತ್ತು ಟ್ರಮಡಾಲ್ ಎರಡೂ ಬೆರೆತ ಮಾತ್ರೆ ಬರುತ್ತದೆ. ಆಪರೇಷನ್ ಆದವರಿಗೆ, ಮೂಳೆ ಮುರಿದವರಿಗೆ ಬರೆದುಕೊಡುತ್ತಾರೆ. ಹೊರಗೆ ದೊಡ್ಡ ಅಕ್ಷರದಲ್ಲಿ ಕಂಪನಿ ಇಟ್ಟ ಹೆಸರು, ಕೆಳಗೆ ಇರುವೆ ಸಾಲಿನಂತೆ ನಿಜವಾದ ಹೆಸರು. ಮಕ್ಕಳಿಗೆ ಆ ಇರುವೆ ಸಾಲು ಓದುವುದನ್ನು ಕಲಿಸಿ. ವಿಜ್ಞಾನದ ಪಾಠವೇ ಆಯಿತಲ್ಲ. ಟ್ರಮಡಾಲನ್ನು 2018ರ ಏಪ್ರಿಲ್‌ನಲ್ಲಿ ಎನ್‌ಡಿಪಿಎಸ್, ಅಂದರೆ ಮಾದಕ ವಸ್ತು ತಡೆ ಕಾಯ್ದೆಯ ಕೆಳಗೆ ತಂದರು. ಮಾರಿದರೆ ರೋಗಿಯ ಹೆಸರು, ಡಾಕ್ಟರ ಹೆಸರು, ಎಷ್ಟು ಕೊಟ್ಟೆ ಅಂತ ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಟ್ರಮಡಾಲಿಗೆ ಬಿಗಿ ಆದಮೇಲೆ ಹುಡುಗರ ಬಾಯಲ್ಲಿ ಟ್ಯಾಪೆಂಟಡಾಲ್ ಹೆಸರು ಜಾಸ್ತಿ ಆಯಿತು, ನಾನು ಕಂಡ ಹಾಗೆ. ಅದನ್ನು ಸ್ನಾಯು ಸಡಿಲಿಸುವ ಕ್ಯಾರಿಸೊಪ್ರೊಡಾಲ್ ಜೊತೆ ಬೆರೆಸಿದ ಮಾತ್ರೆ ನಮ್ಮ ದೇಶದಿಂದ ಪಶ್ಚಿಮ ಆಫ್ರಿಕಾಕ್ಕೆ ಹೋಗಿ ಅಲ್ಲಿನ ಹುಡುಗರನ್ನು ಹಾಳು ಮಾಡುತ್ತಿತ್ತು. 2025ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅದರ ರಫ್ತು ನಿಲ್ಲಿಸಿತು.

ಪೋಷಕರಿಗೆ ಒಂದೇ ಕೆಲಸ ಕೊಡಿ. ಪ್ರತಿ ಮನೆಯಲ್ಲೂ ಒಂದು ಬಿಸ್ಕತ್ ಡಬ್ಬ ಇರುತ್ತದೆ, ಕತ್ತರಿಸಿದ ಮಾತ್ರೆ ಶೀಟುಗಳು ತುಂಬಿರುವ ಡಬ್ಬ. ಅದನ್ನು ಸುರಿದು ನೋಡಲಿ. ಹಳೆ ಆಪರೇಷನ್ನಿನ ಮಾತ್ರೆ ಉಳಿದಿದ್ದರೆ ಶೀಟಿನಿಂದ ತೆಗೆದು, ಪುಡಿ ಮಾಡದೆ, ಕಾಫಿ ಚರಟದ ಜೊತೆ ಕಲಸಿ, ಕವರಿನಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಲಿ. ಕಾಫಿ ಚರಟಕ್ಕೆ ನಮ್ಮ ಮಲೆನಾಡಲ್ಲಿ ಬರ ಇಲ್ಲವಲ್ಲ.


ಸಾಗರದ ಸೊಸೆ

ಫೆಂಟನಿಲ್ ಅಮೆರಿಕದ್ದು ಅಂತ ಎಲ್ಲರೂ ಬರೆಯುತ್ತಿದ್ದೀರಿ. ಅದು ನಮ್ಮ ಮನೆಯಲ್ಲೇ ಇತ್ತು.

ನಮ್ಮ ಅತ್ತೆಗೆ ಬಾಯಿ ಕ್ಯಾನ್ಸರ್. ಐವತ್ತು ವರ್ಷ ಎಲೆ ಅಡಿಕೆ ಹೊಗೆಸೊಪ್ಪು. ನುಂಗುವುದಕ್ಕೆ ಆಗದ ಹಾಗಾದ ಮೇಲೆ ಡಾಕ್ಟರು ಫೆಂಟನಿಲ್ ಪ್ಯಾಚ್ ಕೊಟ್ಟರು. ತೆಳು ಪ್ಲಾಸ್ಟಿಕ್ಕಿನ ಚೌಕ, ಚರ್ಮಕ್ಕೆ ಅಂಟಿಸುವುದು. 72 ಗಂಟೆಗೆ ಒಮ್ಮೆ ಬದಲಿಸಬೇಕು. ಅಲ್ಲಿವರೆಗೆ ರಾತ್ರಿಯಿಡೀ ಗೋಡೆಗೆ ಹಣೆ ಕುಟ್ಟಿಕೊಳ್ಳುತ್ತಿದ್ದವರು ಎರಡನೇ ದಿನ ಬೆಳಗ್ಗೆ, "ಹಾಲು ಕರೆದಾಯ್ತೇನೇ?" ಅಂತ ಕೇಳಿದರು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಆದ್ದರಿಂದ ಮೇಷ್ಟ್ರೇ, ಮಕ್ಕಳ ಮುಂದೆ ಈ ಔಷಧಿಯನ್ನು ರಾಕ್ಷಸ ಮಾಡಬೇಡಿ. ನಾಳೆ ಯಾರದ್ದೋ ಅಜ್ಜಿಗೆ ಬೇಕಾದಾಗ ಮನೆಯವರು ಹೆದರಿ ಬೇಡ ಅಂದರೆ ಆ ನೋವು ಯಾರು ತಿನ್ನಬೇಕು?

ಆದರೆ ಎರಡು ಸಲ ನಾವು ತಪ್ಪು ಮಾಡಿದೆವು. ಮಳೆಗಾಲ. ಅತ್ತೆಗೆ ಚಳಿ ತಡೆಯುವುದಿಲ್ಲ ಅಂತ ಬಚ್ಚಲೊಲೆ ಮುಂದೆ ಮಣೆ ಹಾಕಿ ಕೂರಿಸಿದ್ದೆ. ಬೆನ್ನಿಗೆ ಬೆಂಕಿ ಕಾಯಿಸಿಕೊಂಡು ಕೂತರು. ಅರ್ಧ ಗಂಟೆ ಬಿಟ್ಟು ಹೋದರೆ ತಲೆ ಎದೆಗೆ ಬಿದ್ದಿದೆ, ಕರೆದರೆ ಓ ಅನ್ನುತ್ತಿಲ್ಲ. ಪ್ಯಾಚ್ ಇದ್ದದ್ದು ಬೆನ್ನ ಮೇಲೆ, ಹೆಗಲ ಹತ್ತಿರ. ಬಿಸಿ ತಾಗಿದರೆ ಔಷಧಿ ಜಾಸ್ತಿ ಜಾಸ್ತಿ ಮೈಗೆ ಇಳಿಯುತ್ತದಂತೆ. ಬಿಸಿನೀರಿನ ಚೀಲ, ಜೋರು ಜ್ವರ, ಯಾವುದಾದರೂ ಅಷ್ಟೇ. ಪ್ಯಾಚ್ ಕಿತ್ತು, ಆಚೆ ಜಗಲಿಗೆ ತಂದು, ಫೋನ್ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಉಳಿದರು. ನಮಗೆ ಕೊಡುವಾಗ ಈ ಮಾತನ್ನು ಯಾರೂ ಹೇಳಿರಲಿಲ್ಲ. ಯಾವ ಆಸ್ಪತ್ರೆ ಅಂತ ಬರೆಯುವುದಿಲ್ಲ. ಹೇಳಿದ್ದರೂ ಆ ದಿನ ನಮ್ಮ ಕಿವಿಗೆ ಹೋಗುತ್ತಿತ್ತೋ ಇಲ್ಲವೋ.

ಎರಡನೆಯದು ನೆನೆದರೆ ಈಗಲೂ ಕೈ ನಡುಗುತ್ತದೆ. ತೆಗೆದ ಪ್ಯಾಚನ್ನು ಕಾಗದದಲ್ಲಿ ಸುತ್ತಿ ಕಿಟಕಿಯ ಮೇಲೆ ಇಟ್ಟಿದ್ದೆ. ನಾಲ್ಕು ವರ್ಷದ ಮಗಳು ಅದನ್ನು ಸ್ಟಿಕ್ಕರ್ ಅಂತ ಗೊಂಬೆಯ ಹೊಟ್ಟೆಗೆ ಅಂಟಿಸಿ ಆಡುತ್ತಿದ್ದಳು. ಗೊಂಬೆಗೆ. ಅವಳ ಕೈಗೆ ಅಂಟಿಸಿಕೊಂಡಿದ್ದರೆ, ಬಾಯಿಗೆ ಹಾಕಿದ್ದರೆ? ಮೂರು ದಿನ ಬಳಸಿದ ಮೇಲೂ ಅದರಲ್ಲಿ ಸಾಕಷ್ಟು ಔಷಧಿ ಉಳಿದಿರುತ್ತದೆ. ಆಮೇಲೆ ತೆಗೆದ ಕೂಡಲೇ ಅಂಟಿನ ಬದಿ ಒಳಗೆ ಬರುವ ಹಾಗೆ ಮಡಚಿ, ಬೀಗ ಇರುವ ಡಬ್ಬಿಗೆ ಹಾಕಿ, ಹೊಸದು ತರಲು ಹೋದಾಗ ಲೆಕ್ಕ ಮಾಡಿ ವಾಪಸ್ ಕೊಡುತ್ತಿದ್ದೆವು.

ಪೋಷಕರ ಸಭೆಯಲ್ಲಿ ಕ್ಯಾನ್ಸರ್ ರೋಗಿ ಇರುವ ಮನೆಯವರು ಒಬ್ಬರಾದರೂ ಇರುತ್ತಾರೆ. ಅವರಿಗೆ ಬಚ್ಚಲೊಲೆ ವಿಷಯ ಹೇಳಿ.


ನೈಟ್ ಡ್ಯೂಟಿ, ಹೊಸನಗರ

ಸ್ಟಾಫ್ ನರ್ಸ್ ನಾನು. ಸಾಗರದ ಅಕ್ಕ ಬರೆದದ್ದು ಓದಿ ಇದನ್ನು ಬರೆಯಲೇಬೇಕು ಅನ್ನಿಸಿತು. ಆಪರೇಷನ್ ಥಿಯೇಟರಿನಲ್ಲಿ ಫೆಂಟನಿಲ್ ದಿನಾ ಬಳಕೆ ಆಗುವ ಔಷಧಿ. ಮಾರ್ಫಿನ್‌ಗಿಂತ 50ರಿಂದ 100 ಪಟ್ಟು ಬಲ, ಮೈಕ್ರೋಗ್ರಾಮ್ ಲೆಕ್ಕದಲ್ಲಿ ಕೊಡುವುದು. ಅಲ್ಲಿ ಉಸಿರು ನೋಡಲು ಮೆಷಿನ್ ಇದೆ, ಅರಿವಳಿಕೆ ಡಾಕ್ಟರು ತಲೆ ಹತ್ತಿರವೇ ನಿಂತಿರುತ್ತಾರೆ. ರೂಮ್ ಮಾಡಿಕೊಂಡಿರುವ ಹುಡುಗರ ತಲೆ ಹತ್ತಿರ ಯಾರು ನಿಂತಿರುತ್ತಾರೆ?

ಮೇಷ್ಟ್ರೇ, ನೀವು ವಿಡಿಯೊದಲ್ಲಿ ಕೇಳಿಸಿಕೊಂಡದ್ದು ಗೊರಕೆ ಅಲ್ಲ. ಮೆದುಳಿನ ಬುಡದಲ್ಲಿ ಉಸಿರಾಡು ಉಸಿರಾಡು ಅಂತ ಹೇಳುವ ಜಾಗ ಇರುತ್ತದೆ. ಓಪಿಯಾಯ್ಡ್ ಜಾಸ್ತಿ ಆದರೆ ಆ ಜಾಗ ಹೇಳುವುದನ್ನು ಮರೆಯುತ್ತದೆ. ನಾಲಿಗೆ ಸಡಿಲಾಗಿ ಹಿಂದೆ ಬೀಳುತ್ತದೆ. ಅದರ ಸದ್ದು ಅದು. ಮದ್ಯ ಅಥವಾ ನಿದ್ದೆ ಮಾತ್ರೆ ಜೊತೆ ಸೇರಿದರೆ ಇನ್ನೂ ಬೇಗ. ದೊಡ್ಡವರು ಸುಮ್ಮನೆ ಕೂತಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ನಿಮ್ಮ ಹುಡುಗ ಆರು.

ಗುರುತು ಹೇಳಿಕೊಡಿ. ಎಬ್ಬಿಸಿದರೆ ಏಳುವುದಿಲ್ಲ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣ. ತುಟಿ, ಉಗುರು ನೀಲಿ ಇಲ್ಲವೇ ಬೂದಿ ಬಣ್ಣ. ಹೆಸರು ಹಿಡಿದು ಜೋರಾಗಿ ಕೂಗಿ, ಎದೆಮೂಳೆಯನ್ನು ಬೆರಳ ಗೆಣ್ಣಿನಿಂದ ಗಟ್ಟಿಯಾಗಿ ಉಜ್ಜಿ. ಏಳದಿದ್ದರೆ ತಕ್ಷಣ 108. ಏನು ತಗೊಂಡಿದ್ದಾನೆ ಅನ್ನೋದನ್ನು ಮುಚ್ಚಿಡದೆ ಹೇಳಿ, ಶೀಟಿದ್ದರೆ ಕೈಲಿ ಹಿಡಿದುಕೊಳ್ಳಿ. ಉಸಿರು ಇದ್ದರೆ ಮಗ್ಗುಲಾಗಿ ಮಲಗಿಸಿ, ವಾಂತಿ ಗಂಟಲಿಗೆ ಹೋಗಬಾರದು. ಉಸಿರು ನಿಂತಿದ್ದರೆ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಬೇಕು, ಜೀವದ ಲಕ್ಷಣವೇ ಕಾಣದಿದ್ದರೆ ಎದೆ ಒತ್ತಬೇಕು. ಪಿಎಚ್‌ಸಿಯವರನ್ನು ಕರೆಸಿ ಇದನ್ನು ಒಮ್ಮೆ ಮಾಡಿಸಿ ನೋಡಿ, ಓದಿದರೆ ಬರುವುದಿಲ್ಲ. ದಯವಿಟ್ಟು ಮಜ್ಜಿಗೆ, ನಿಂಬೆರಸ ಕುಡಿಸಬೇಡಿ. ನಶೆ ಇಳಿಯುತ್ತದೆ ಅಂತ ಕುಡಿಸಿ, ಅದು ಶ್ವಾಸಕೋಶಕ್ಕೆ ಹೋಗಿ ಬಂದ ಕೇಸು ನೋಡಿದ್ದೇನೆ. ತಣ್ಣೀರು ಎರಚುವುದು, ಎಬ್ಬಿಸಿ ನಡೆಸುವುದು ಎಲ್ಲ ಬೇಡ.

ನಲೋಕ್ಸೋನ್ ಅಂತ ಇಂಜೆಕ್ಷನ್ ಇದೆ. ಕೊಟ್ಟ ಎರಡು ಮೂರು ನಿಮಿಷದಲ್ಲಿ ಉಸಿರು ತಿರುಗುತ್ತದೆ. ಆದರೆ ಅದರ ಆಯುಷ್ಯ 30ರಿಂದ 90 ನಿಮಿಷ. ಮಾತ್ರೆ ಅದಕ್ಕಿಂತ ಜಾಸ್ತಿ ಹೊತ್ತು ಮೈಯಲ್ಲಿ ಇರಬಹುದು. ಎದ್ದು ಕೂತ, ಮಾತಾಡಿದ ಅಂತ ಮನೆಗೆ ಕರೆದುಕೊಂಡು ಹೋಗಬಾರದು. ನಮ್ಮ ಕಡೆ ಕೆಲವು ಮನೆಗಳಿಂದ ದೊಡ್ಡ ಆಸ್ಪತ್ರೆಗೆ ಎರಡು ಗಂಟೆ ದಾರಿ, ಮಳೆಗಾಲದಲ್ಲಿ ಮರ ಬಿದ್ದರೆ ಕೇಳುವುದೇ ಬೇಡ. ಅಲ್ಲಿವರೆಗೆ ಉಸಿರು ಎಣಿಸುತ್ತಾ ಪಕ್ಕದಲ್ಲಿ ಕೂರುವ ಒಬ್ಬರು ಬೇಕು.

ಇನ್ನೊಂದು ಅಪಾಯ ಯಾರಿಗೂ ಹೊಳೆಯುವುದಿಲ್ಲ. ಚಟ ಬಿಡಿಸಿ ಎರಡು ಮೂರು ತಿಂಗಳು ಮನೆಯಲ್ಲಿ ಇಟ್ಟುಕೊಂಡ ಹುಡುಗ ಮತ್ತೆ ಹಳೆ ಲೆಕ್ಕದಲ್ಲಿ ತಗೊಂಡರೆ ಮೈ ತಡೆಯುವುದಿಲ್ಲ. ಅದಕ್ಕೇ ಸುಮ್ಮನೆ ಕೂಡಿ ಹಾಕಿದರೆ ಸಾಲದು. ಬುಪ್ರಿನಾರ್ಫಿನ್‌ನಂಥ ಔಷಧಿ ಕೊಟ್ಟು ಚಿಕಿತ್ಸೆ ಮಾಡುತ್ತಾರೆ. 14446 ಚಟ ಬಿಡಿಸುವ ಸಹಾಯವಾಣಿ, 14416 ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸಹಾಯವಾಣಿ. ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರುವವರಿಗೆ ಹೇಳಿ: ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಅಂತ ಕಲಂ ಇದೆ. ಚಟಕ್ಕೆ ಬಿದ್ದವರು ತಾವಾಗಿ ಚಿಕಿತ್ಸೆಗೆ ಹೋಗಿ ಮುಗಿಸಿದರೆ, ಸೇವನೆ ಅಥವಾ ಸ್ವಲ್ಪ ಪ್ರಮಾಣದ ಕೇಸಿನಿಂದ ರಕ್ಷಣೆ ಸಿಗುತ್ತದೆ. ಮಾರುವವರಿಗೆ ಅಲ್ಲ.


ಗದ್ದೆಮನೆ, ಈಗ ಓಹಿಯೋ

ಊರು ಸೊರಬ ಹತ್ತಿರ, ಇಲ್ಲಿಗೆ ಬಂದು 16 ವರ್ಷ. ನಿಮ್ಮ ಪಕ್ಕದ ಮನೆ ಅಮ್ಮನಿಗೆ ಇದನ್ನು ಓದಿ ಹೇಳಿ ಮೇಷ್ಟ್ರೇ.

ಮೊದಲು ಆ ಫಾರ್ವರ್ಡ್. ಮುಟ್ಟಿದರೆ ಸಾಯುವುದಿಲ್ಲ. ಪುಡಿ ಕೈಗೆ ತಾಗಿದರೆ ತೊಳೆದುಕೊಂಡರೆ ಆಯಿತು. ಪ್ಯಾಚ್ ಗಂಟೆಗಟ್ಟಲೆ ಚರ್ಮಕ್ಕೆ ಅಂಟಿಕೊಂಡು ಕೆಲಸ ಮಾಡುವ ಹಾಗೆ ತಯಾರಾದದ್ದು, ಅದು ಬೇರೆ. ಈ ಸುಳ್ಳಿನಿಂದ ಆಗುವ ಕೆಡುಕು ಏನೆಂದರೆ, ಬಿದ್ದವನನ್ನು ಮುಟ್ಟಲು ಜನ ಹೆದರುತ್ತಾರೆ.

ಅಮೆರಿಕದಲ್ಲಿ 2021ರಲ್ಲಿ ನಶೆ ಪದಾರ್ಥ ಅತಿಯಾಗಿ ಸತ್ತವರು ಒಂದು ಲಕ್ಷ ದಾಟಿದರು. ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ಜನರ ಸಾವಿನಲ್ಲಿ ಫೆಂಟನಿಲ್ ಮತ್ತು ಅದರ ಜಾತಿಯವು. 2024ರಲ್ಲಿ ಅದು ಸುಮಾರು 80 ಸಾವಿರಕ್ಕೆ ಇಳಿಯಿತು. ಇಳಿದರೂ 80 ಸಾವಿರ. ಇದರಲ್ಲಿ ಆಸ್ಪತ್ರೆಯ ಫೆಂಟನಿಲ್ ಅಲ್ಲ, ಕಳ್ಳತನದಲ್ಲಿ ತಯಾರಾದ ಪುಡಿಯೇ ಜಾಸ್ತಿ. ಅದನ್ನು ಬೇರೆ ಮಾತ್ರೆಯ ಅಚ್ಚಿಗೆ ಹಾಕಿ ಒತ್ತುತ್ತಾರೆ. ನೋಡಲು ನೋವಿನ ಮಾತ್ರೆ, ಟೆನ್ಶನ್ ಮಾತ್ರೆ, ಪರೀಕ್ಷೆಗೆ ಓದಲು ನುಂಗುವ ಮಾತ್ರೆ. ಫೋನಿನಲ್ಲಿ ಆರ್ಡರ್ ಮಾಡಿದರೆ ಮನೆ ಬಾಗಿಲಿಗೆ ಬರುತ್ತದೆ. ಎಷ್ಟೋ ಮಕ್ಕಳಿಗೆ ತಾವು ಫೆಂಟನಿಲ್ ನುಂಗುತ್ತಿದ್ದೇವೆ ಅಂತಲೇ ಗೊತ್ತಿರುವುದಿಲ್ಲ. ಎರಡು ಮಿಲಿಗ್ರಾಮ್ ಸಾಕು ಜೀವ ಹೋಗಲು. ಉಪ್ಪಿನ 10-15 ಹರಳು.

10ರಿಂದ 19 ವರ್ಷದ ಮಕ್ಕಳ ಸಾವಿನ ಬಗ್ಗೆ ಇಲ್ಲಿನ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿ 2022ರಲ್ಲಿ ಒಂದು ವರದಿ ತಂದಿತು. ನಿಮ್ಮ ವಿಡಿಯೊ ಬಗ್ಗೆ ಓದಿದಾಗ ಅದೇ ನೆನಪಾಯಿತು. ಸತ್ತ ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲಿನವರ ಹತ್ತಿರದಲ್ಲಿ ಯಾರಾದರೂ ಇದ್ದರು. ಪಕ್ಕದ ರೂಮಿನಲ್ಲಿ, ಮನೆಯೊಳಗೇ. ಬಹುಪಾಲು ಜನ ಏನೂ ಮಾಡಲಿಲ್ಲ.

ಹೆದರಿಸುವ ಪಾಠದ ವಿಷಯ: 1983ರಲ್ಲಿ ಲಾಸ್ ಏಂಜಲೀಸಿನಲ್ಲಿ ಪೊಲೀಸರೇ ಕ್ಲಾಸಿಗೆ ಬಂದು ಹೇಳಿಕೊಡುವ 'ಡೇರ್' ಅನ್ನುವ ಕಾರ್ಯಕ್ರಮ ಶುರುವಾಗಿ ದೇಶವೆಲ್ಲ ಹರಡಿತು. ಟೀಶರ್ಟು, ಪ್ರತಿಜ್ಞೆ, ಎಲ್ಲ. ಆಮೇಲೆ ಸಂಶೋಧಕರು ನೋಡಿದರೆ ಪಾಠ ಕೇಳಿದ ಮಕ್ಕಳಿಗೂ ಕೇಳದ ಮಕ್ಕಳಿಗೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ಚಾಕೊಲೇಟ್ ಹಂಚಿದ್ದರೋ ಗೊತ್ತಿಲ್ಲ.

ಬರುವ ಹುಡುಗನಿಗೆ: ರೂಮ್‌ಮೇಟ್ ಕೊಟ್ಟ ಮಾತ್ರೆ ತಲೆನೋವಿಗೂ ಬೇಡ. ಪ್ಯಾರಸಿಟಮಾಲ್ ಊರಿಂದಲೇ ತರಲಿ, ಇಲ್ಲಿ ಅಂಗಡಿಯಲ್ಲೂ ಸಿಗುತ್ತದೆ. ಮೂಗಿಗೆ ಹೊಡೆಯುವ ನಲೋಕ್ಸೋನ್ ಸ್ಪ್ರೇಯನ್ನು 2023ರಿಂದ ಚೀಟಿ ಇಲ್ಲದೆ ಮಾರಬಹುದು ಅಂತ ಮಾಡಿದ್ದಾರೆ. ಒಂದು ತಗೊಂಡು ರೂಮಿನಲ್ಲಿ ಇಡಲಿ, ತನಗಲ್ಲ, ಪಕ್ಕದವನಿಗೆ. ನನ್ನ ಮಗನ ಸ್ಕೂಲ್ ಬ್ಯಾಗಿನಲ್ಲಿ ಒಂದಿದೆ, ನೀರಿನ ಬಾಟಲಿ ಪಕ್ಕದಲ್ಲಿ. ಮೊದಲ ದಿನ ಅದನ್ನು ಇಡುವಾಗ ನನಗೆ ಹೇಗಾಯಿತು ಅಂತ ಬರೆಯುವುದಿಲ್ಲ. ಊರಿನ ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.


ಹೊಳೆದಂಡೆ ಮೇಷ್ಟ್ರು

ಎಲ್ಲರಿಗೂ ಋಣಿ. ಪಾಠ ಆಯಿತು, ಹೇಗಾಯಿತು ಅಂತ ಹೇಳುತ್ತೇನೆ.

26ರಂದು ಕರೆಂಟ್ ಇರಲಿಲ್ಲ, ಪ್ರೊಜೆಕ್ಟರಿನ ಆಸೆಯೂ ಇರಲಿಲ್ಲ. ತಗಡಿನ ಮಾಡಿನ ಮೇಲೆ ಆ ಮಳೆ. ನಾನು ಕೂಗಿದ್ದು ಎರಡನೇ ಬೆಂಚಿಗೂ ಕೇಳುತ್ತಿರಲಿಲ್ಲ. ಮಳೆ ಸ್ವಲ್ಪ ತಗ್ಗಿದ ಮೇಲೆ ಮಕ್ಕಳನ್ನು ಜೋಡಿ ಮಾಡಿದೆ. ಒಬ್ಬರು ತಲೆಯಿಟ್ಟು ಒರಗಬೇಕು, ಇನ್ನೊಬ್ಬರು ಬೆನ್ನು ಏರಿ ಇಳಿಯುವುದನ್ನು ಒಂದು ನಿಮಿಷ ಎಣಿಸಬೇಕು. 16 ಬಂತು, 18 ಬಂತು, ನಗು ತಡೆಯಲಾಗದ ಒಬ್ಬನಿಗೆ 26. ಎಲ್ಲವನ್ನೂ ಬೋರ್ಡಿನಲ್ಲಿ ಬರೆದೆ. ಆಮೇಲೆ ಏನೂ ಹೇಳದೆ ಡಸ್ಟರಿನಿಂದ ಮೇಜು ಕುಟ್ಟಿದೆ. ಹತ್ತು ಸೆಕೆಂಡಿಗೆ ಒಂದು ಸಲ. ಒಂದು ನಿಮಿಷ ಪೂರ್ತಿ. ಮೂರನೇ ಸಲಕ್ಕೆ ಮಕ್ಕಳೇ ಉಸಿರು ಹಿಡಿದು ಕಾಯತೊಡಗಿದರು, ಮುಂದಿನದು ಬರುತ್ತದೋ ಇಲ್ಲವೋ ಅಂತ. ಆಮೇಲೆ ಹೇಳಿದೆ, ಒಬ್ಬ ಅಣ್ಣ ಹೀಗೆ ಮಲಗಿದ್ದ, ಪಕ್ಕದಲ್ಲಿದ್ದವರು ಗೊರಕೆ ಅಂದುಕೊಂಡರು. ವಿಡಿಯೊ ತೋರಿಸಲಿಲ್ಲ. ಹೋದ ವರ್ಷ ತಟ್ಟೆ ಹಿಡಿದು ತೂಗಿದ್ದ ಹುಡುಗ ಈಗ ಹತ್ತನೇ ಕ್ಲಾಸು. ಅವನೇ ಎದ್ದು, "ಸರ್, ಫೋನ್ ಮಾಡಿದರೆ ನಮ್ಮ ಮೇಲೆ ಕೇಸ್ ಹಾಕ್ತಾರಾ?" ಅಂದ. ಈ ಸಲ ನನ್ನ ಹತ್ತಿರ ಉತ್ತರ ಇತ್ತು. ಪೂರ್ತಿ ಇರಲಿಲ್ಲ. ಕೇಸು ಆಮೇಲೆ ನೋಡಿಕೊಳ್ಳೋಣ, ಮೊದಲು 108, ಆಮೇಲೆ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ನಾನು ಬರುತ್ತೇನೆ ಅಂದೆ. ನಂಬರ್ ಬೋರ್ಡಿನಲ್ಲಿ ಬರೆದೆ.

ಚೇಣಿ ಅವರೇ, ಹೆಸರು ಹೇಳಿಕೊಟ್ಟರೆ ದಾರಿ ತೋರಿಸಿದ ಹಾಗೆ ಅಂದಿರಿ. ಇರುವೆ ಸಾಲು ಓದಿಕೊಂಡು ಬನ್ನಿ, ಮನೆಯವರ ಜೊತೆ ಕೂತೇ ಓದಿ ಅಂತ ಹೇಳಿದ್ದೆ. 31 ಮಕ್ಕಳಲ್ಲಿ ನಾಲ್ವರ ಮನೆ ಡಬ್ಬದಲ್ಲಿ ಟ್ರಮಡಾಲ್ ಬೆರೆತ ಶೀಟು ಇತ್ತು. ಒಂದು ನಾಲ್ಕು ವರ್ಷದ ಹಿಂದಿನ ಸೊಂಟದ ಆಪರೇಷನ್ನಿನದು. ದಾರಿ ಮನೆಯೊಳಗೇ ಇತ್ತು.

ಪೋಷಕರ ಸಭೆಗೆ ಆ ಎಂಟನೇ ಕ್ಲಾಸಿನ ಹುಡುಗಿಯ ಅಪ್ಪ ಜೇಬಿನಲ್ಲಿ ಶೀಟ್ ಇಟ್ಟುಕೊಂಡೇ ಬಂದಿದ್ದರು. ಮಗಳು ಕಳಿಸಿದ್ದಾಳೆ. ಡೈಕ್ಲೊಫೆನಾಕ್. ಅದಲ್ಲ ಇದು ಅಂದಾಗ ಅವರ ಮುಖ ನೋಡಬೇಕಿತ್ತು. ಹೊಟ್ಟೆ, ಕಿಡ್ನಿ ವಿಷಯ ಹೇಳಿದೆ, ಡಾಕ್ಟರ ಹತ್ತಿರ ಹೋಗುತ್ತೇನೆ ಅಂದರು. ಹೋಗುತ್ತಾರೋ ಇಲ್ಲವೋ, ಕೊನೆ ಕೊಯ್ಲು ಬಂದಾಗ ಗೊತ್ತಾಗುತ್ತದೆ. ಬಚ್ಚಲೊಲೆ ವಿಷಯ ಹೇಳಿದಾಗ ಹಿಂದಿನ ಸಾಲಿನ ಹೆಂಗಸೊಬ್ಬರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಸಾಗರದ ಅಕ್ಕ, ಅದು ನಿಮಗೆ ಸೇರಬೇಕಾದ್ದು.

ಎಲ್ಲ ಹೋದ ಮೇಲೆ ಒಬ್ಬರು ಉಳಿದರು. ಕೊಡೆ ಮಡಚುವುದು, ಬಿಚ್ಚುವುದು, ಮಡಚುವುದು ಮಾಡುತ್ತಾ ನಿಂತಿದ್ದರು. "ಆ 14ರದ್ದು ಏನೋ ನಂಬರ್ ಹೇಳಿದ್ರಲ್ಲ ಮೇಷ್ಟ್ರೇ" ಅಂದರು. ಯಾರಿಗೆ ಅಂತ ನಾನು ಕೇಳಲಿಲ್ಲ. ಜೇಬಿನಿಂದ ಕರೆಂಟ್ ಬಿಲ್ ತೆಗೆದು ಮುಂದೆ ಹಿಡಿದರು. ಅದರ ಬೆನ್ನಿಗೆ ಎರಡೂ ನಂಬರ್ ಬರೆದುಕೊಟ್ಟೆ. ಓದಿ ನೋಡಿ, ಒದ್ದೆ ಆಗದ ಹಾಗೆ ಮಡಚಿ ಒಳಜೇಬಿಗೆ ಇಟ್ಟುಕೊಂಡರು.